ಗೆದ್ದವ ಸೋತ, ಸೋತವ ಸತ್ತ

ಪುಣೆಯಲ್ಲಿ ಎಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮೊನ್ನೆ ಒಂದು ಪ್ರಶ್ನೆ ಕೇಳಿದರು. “ಸರ್, ಪತ್ರಿಕಾ ಸ್ವಾತಂತ್ರ್ಯಕ್ಕೆ ಕುತ್ತು ಬಂದಿದೆ ಎಂದು ನೀವು ಆಗಾಗ ಬರೆಯುತ್ತೀರಿ. ಆದರೆ ನ್ಯಾಯಾಲಯಕ್ಕೆ ಹೋದ ಪತ್ರಕರ್ತರು ಬಹಳಷ್ಟು ಸಲ ಗೆದ್ದು ಬರುತ್ತಾರಲ್ಲ? ಅಂದಮೇಲೆ ವ್ಯವಸ್ಥೆ ಸರಿಯಾಗಿಯೇ ಇದೆ ಎಂದಾಯಿತಲ್ಲವೆ?” ಪ್ರಶ್ನೆ ಚೆನ್ನಾಗಿದೆ. ದೂರವಾಣಿಯಲ್ಲಿ ಎರಡು ಮಾತಿನಲ್ಲಿ ಉತ್ತರಿಸುವಂಥದಲ್ಲ. ಇದೇ ವಿಚಾರ ನಿಮ್ಮಲ್ಲಿ ಇನ್ನೂ ಹಲವರ ಮನಸ್ಸಿನಲ್ಲಿರಬಹುದೆಂದು ಉತ್ತರವನ್ನು ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಹಿರಿಯರು ಕೋರ್ಟು ಕಚೇರಿಯ ಬಗ್ಗೆ ಒಂದು ಗಾದೆ ಹೇಳುತ್ತಿದ್ದರು: ಗೆದ್ದವ ಸೋತ, ಸೋತವ ಸತ್ತ. ಹೊಲದ ಬದುವಿಗಾಗಿ ಮೂರು ತಲೆಮಾರು ಬಡಿದಾಡಿದ ಮನೆತನಗಳನ್ನು ಕಂಡವರ ಮಾತು ಅದು. ಪತ್ರಿಕೆಗಳ ವಿಷಯದಲ್ಲಿ ಈ ಗಾದೆ ಎಷ್ಟು ನಿಜವೆಂಬುದನ್ನು ನನಗೆ ತಿಳಿಸಿದವನು ನನ್ನ ಇನ್ನೊಬ್ಬ ವಿದ್ಯಾರ್ಥಿ. ಅವನ ಹೆಸರು ಬೇಡ, ಊರೂ ಬೇಡ. ಬರೆದರೆ ಅವನಿಗೆ ಸಂಕೋಚವಾದೀತು. ನಮ್ಮ ಜಿಲ್ಲೆಯ ಒಂದು ತಾಲೂಕಿನಲ್ಲಿ ಅವನು ಅರೆಕಾಲಿಕ ವರದಿಗಾರನಾಗಿದ್ದ. ಸಂಬಳವೆಂಬುದಿಲ್ಲ, ಪ್ರಕಟವಾದ ಸುದ್ದಿಗೆ ಇಷ್ಟು, ತಂದುಕೊಟ್ಟ ಜಾಹೀರಾತಿಗೆ ಇಷ್ಟು. ಒಂದು ಬೇಸಗೆಯಲ್ಲಿ ಅವನು ಒಂದು ಕೆರೆಯ ಸುದ್ದಿ ಬರೆದ. ಕಾಗದದ ಮೇಲೆ ಎರಡು ಸಲ ಹೂಳು ತೆಗೆಯಲ್ಪಟ್ಟ ಆ ಕೆರೆಯಲ್ಲಿ ಒಂದು ಬುಟ್ಟಿ ಮಣ್ಣೂ ಅಲುಗಿರಲಿಲ್ಲ. ಛಾಯಾಚಿತ್ರ ತೆಗೆಯಲು ಹೋದಾಗ ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿಪಡಿಸಿದನೆಂದು ಅವನ ಮೇಲೆ ಮೊಕದ್ದಮೆ ಬಿತ್ತು. ನಾಲ್ಕು ವರ್ಷ ಅವನು ತಾರೀಖಿಗೆ ತಾರೀಖು ಅಲೆದ. ಸಾಕ್ಷಿ ಬಂದ ದಿನ ವಕೀಲರಿಲ್ಲ; ವಕೀಲರು ಬಂದ ದಿನ ನ್ಯಾಯಾಧೀಶರು ರಜೆ. ಕೊನೆಗೆ ಆರೋಪಕ್ಕೆ ಆಧಾರವಿಲ್ಲವೆಂದು ಖುಲಾಸೆಯಾಯಿತು.

ಗೆದ್ದನೆಂದು ಹೇಳಬೇಕು. ಆದರೆ ಅಷ್ಟರಲ್ಲಿ ಪತ್ರಿಕೆ ಬೇರೊಬ್ಬನನ್ನು ನೇಮಿಸಿಕೊಂಡಿತ್ತು. ಹೆಂಡತಿಯ ಕೈಬಳೆ ಒತ್ತೆ ಬಿದ್ದಿದ್ದವು. ಈಗ ಅವನು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ರೈತರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುತ್ತಾನೆ. ಸುಖವಾಗಿದ್ದಾನೆ. ಅವನ ನಂತರ ಬಂದ ವರದಿಗಾರ ಸನ್ಮಾನ, ಜಯಂತಿ, ಉದ್ಘಾಟನೆಗಳ ಸುದ್ದಿಯನ್ನು ತಪ್ಪದೆ ಕಳುಹಿಸುತ್ತಾನೆ. ಕೆರೆಯ ಸುದ್ದಿಗೆ ಹೋಗುವುದಿಲ್ಲ. ಆ ಕೆರೆಯಲ್ಲಿ ಹೂಳು ಇನ್ನೂ ಇದೆ.

ಆದ್ದರಿಂದ ನನ್ನ ವಾದವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನ್ಯಾಯಾಲಯದ ಜಯಗಳು ಅಮೂಲ್ಯವಾದವು. ಅವು ಇಲ್ಲದಿದ್ದರೆ ನಾವು ಇಷ್ಟನ್ನೂ ಓದುತ್ತಿರಲಿಲ್ಲ. ಆದರೆ ಆ ಜಯ ಪತ್ರಿಕಾ ಸ್ವಾತಂತ್ರ್ಯವಲ್ಲ. ಕಳೆದುಕೊಂಡ ಸ್ವಾತಂತ್ರ್ಯ ತಡವಾಗಿ, ಅರ್ಧವಾಗಿ ಹಿಂದಿರುಗಿದ್ದಕ್ಕೆ ಸಿಕ್ಕ ರಸೀದಿ. ಆ ರಸೀದಿಯನ್ನು ತೋರಿಸಿ ಮಿಕ್ಕದ್ದನ್ನು ವಸೂಲು ಮಾಡಬೇಕಾದವರು ಓದುಗರು. ಓದುಗರು ಸುಮ್ಮನಿದ್ದ ಕಡೆಯಲ್ಲೆಲ್ಲ ಸರ್ಕಾರ ಸೋತ ಮೊಕದ್ದಮೆಯನ್ನು ಹೊಸ ಕಾನೂನಿನಿಂದ ಮತ್ತೆ ಗೆದ್ದುಕೊಂಡಿದೆ.

ಇದು ಬ್ರಿಟಿಷರ ಕಾಲದಿಂದಲೂ ನಡೆದು ಬಂದದ್ದು. 1916ರಲ್ಲಿ ‘ಕೇಸರಿ’ಯ ಸಂಪಾದಕರಾದ ಲೋಕಮಾನ್ಯ ತಿಲಕರು ಬೆಳಗಾವಿಯಲ್ಲಿಯೂ ಅಹ್ಮದನಗರದಲ್ಲಿಯೂ ಸ್ವರಾಜ್ಯದ ಬಗ್ಗೆ ಭಾಷಣ ಮಾಡಿದರು. ಅದು ರಾಜದ್ರೋಹವೆಂದು ಪುಣೆಯ ಮ್ಯಾಜಿಸ್ಟ್ರೇಟರು ಒಂದು ವರ್ಷದ ಸನ್ನಡತೆಗಾಗಿ 20,000 ರೂಪಾಯಿಯ ಮುಚ್ಚಳಿಕೆ ಕೇಳಿದರು. ತಿಲಕರ ಅರವತ್ತನೆಯ ಹುಟ್ಟುಹಬ್ಬದ ದಿನವೇ ಆ ನೋಟೀಸು ಅವರ ಕೈಸೇರಿತು. ಮುಂಬಯಿ ಹೈಕೋರ್ಟಿನಲ್ಲಿ ತಿಲಕರ ಪರವಾಗಿ ವಾದಿಸಿದವರು ಮಹಮ್ಮದ್ ಅಲಿ ಜಿನ್ನಾ. ಅದೇ ವರ್ಷ ನವೆಂಬರಿನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಹೈಕೋರ್ಟಿನ ವ್ಯಾಪ್ತಿಯಲ್ಲಿಯೇ ಇತ್ತಾದ್ದರಿಂದ ಆ ತೀರ್ಪು ನಮ್ಮ ಹಿರಿಯರ ತೀರ್ಪೂ ಆಗಿತ್ತು. ಆದರೆ ಅದರಿಂದ ರಾಜದ್ರೋಹದ ಕಲಮು ಹೋಯಿತೆ? ಇಲ್ಲ. ಆರು ವರ್ಷಗಳ ನಂತರ, 1922ರಲ್ಲಿ, ‘ಯಂಗ್ ಇಂಡಿಯಾ’ದ ಲೇಖನಗಳಿಗಾಗಿ ಗಾಂಧೀಜಿಯವರಿಗೆ ಅದೇ ಕಲಮಿನಡಿ ಆರು ವರ್ಷಗಳ ಶಿಕ್ಷೆಯಾಯಿತು.

ಇನ್ನು ನಮ್ಮ ಧಾರವಾಡದ ಮಾತು. 1921ರಲ್ಲಿ ರಂಗನಾಥ ದಿವಾಕರರು ಇಲ್ಲಿ ‘ಕರ್ಮವೀರ’ವನ್ನು ಆರಂಭಿಸಿದರು. ಅದೇ ವರ್ಷ ಜುಲೈ 1ರಂದು ಸೆರೆ ಅಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ ಧಾರವಾಡದಲ್ಲಿ ಪೊಲೀಸರು ಗುಂಡು ಹಾರಿಸಿ ಮೂವರನ್ನು ಕೊಂದರು. ಅಂಥ ಕಾಲದಲ್ಲಿ ಪತ್ರಿಕೆ ನಡೆಸುವುದೆಂದರೆ ಒಂದು ಕಾಲನ್ನು ಕಾರಾಗೃಹದಲ್ಲಿ ಇಟ್ಟುಕೊಂಡೇ ಬರೆಯುವುದು. ದಿವಾಕರರು ಸೆರೆಮನೆಯನ್ನು ಕಂಡರು. ಹೊರಬಂದು ಮತ್ತೆ ಬರೆದರು. ನಮ್ಮ ಜಿಲ್ಲೆಯ ಅಭಿಮಾನದ ಪುಟಗಳಲ್ಲಿ ಇದೂ ಒಂದು.

ಆದರೆ ಅದರ ಮುಂದಿನ ಪುಟವನ್ನೂ ಓದಬೇಕು. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. 1950ರ ಮಾರ್ಚಿನಲ್ಲಿ, ಸಂವಿಧಾನ ಜಾರಿಯಾಗಿ ಎರಡು ತಿಂಗಳೂ ತುಂಬುವ ಮುನ್ನ, ಮದರಾಸು ಸರ್ಕಾರ ಮುಂಬಯಿಯ ‘ಕ್ರಾಸ್ ರೋಡ್ಸ್’ ಎಂಬ ವಾರಪತ್ರಿಕೆ ತನ್ನ ರಾಜ್ಯವನ್ನು ಪ್ರವೇಶಿಸಕೂಡದೆಂದು ಆಜ್ಞೆ ಮಾಡಿತು. ಆಗ ಬಳ್ಳಾರಿ, ಮಂಗಳೂರು, ಕಾಸರಗೋಡುಗಳೆಲ್ಲ ಮದರಾಸು ರಾಜ್ಯದಲ್ಲಿದ್ದವು. ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅಣ್ಣಿಗೇರಿಯ ನಿಲ್ದಾಣದಲ್ಲಿ ಆ ಪತ್ರಿಕೆಯನ್ನು ಓದುತ್ತ ರೈಲು ಹತ್ತಿದ ಮನುಷ್ಯ ಹೊಸಪೇಟೆಯನ್ನು ತಲುಪುವಷ್ಟರಲ್ಲಿ ಅವನ ಕೈಯಲ್ಲಿದ್ದದ್ದು ನಿಷಿದ್ಧ ವಸ್ತುವಾಗುತ್ತಿತ್ತು. ಕಾಗದ ಅದೇ, ಅಕ್ಷರ ಅದೇ, ಓದುಗನೂ ಅವನೇ. ಬದಲಾದದ್ದು ಗಡಿ ಮಾತ್ರ.

ಇತ್ತ ದಿಲ್ಲಿಯಲ್ಲಿ ‘ಆರ್ಗನೈಸರ್’ ಪತ್ರಿಕೆಗೆ, ಅಚ್ಚಿಗೆ ಹೋಗುವ ಮೊದಲು ಬರಹಗಳನ್ನು ಸರ್ಕಾರಕ್ಕೆ ತೋರಿಸಬೇಕೆಂಬ ಆಜ್ಞೆಯಾಯಿತು. ಒಂದು ಎಡಪಂಥದ ಪತ್ರಿಕೆ, ಇನ್ನೊಂದು ಬಲಪಂಥದ್ದು. ಒಂದರ ಮುಖ ಇನ್ನೊಂದಕ್ಕೆ ಆಗದು. ಎರಡೂ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. ಎರಡೂ ಒಂದೇ ದಿನ, 1950ರ ಮೇ 26ರಂದು, ಗೆದ್ದವು. ವಿಚಾರದಲ್ಲಿ ವಿರೋಧಿಗಳಾದವರನ್ನು ಒಂದೇ ಕೊಡೆಯಡಿ ನಿಲ್ಲಿಸುವುದೇ ಈ ಹಕ್ಕಿನ ಗುಣ. ತನ್ನ ವಿರೋಧಿಯ ಪತ್ರಿಕೆಯನ್ನು ಮುಚ್ಚಿಸಿದ್ದಕ್ಕೆ ಸಂತೋಷಪಡುವವನು ತನ್ನ ತಲೆಯ ಮೇಲಿನ ಕೊಡೆಗೇ ತೂತು ಕೊರೆಯುತ್ತಾನೆ.

ಆ ಜಯ ಎಷ್ಟು ದಿನ ಉಳಿಯಿತು? ಹದಿಮೂರು ತಿಂಗಳು ಮಾತ್ರ. 1951ರ ಜೂನ್ 18ರಂದು ಸಂವಿಧಾನದ ಮೊದಲ ತಿದ್ದುಪಡಿ ಬಂತು. ವಾಕ್ ಸ್ವಾತಂತ್ರ್ಯವನ್ನು ನಿರ್ಬಂಧಿಸುವ ಕಾರಣಗಳ ಪಟ್ಟಿಗೆ ‘ಸಾರ್ವಜನಿಕ ಸುವ್ಯವಸ್ಥೆ’ ಮೊದಲಾದ ಹೊಸ ಮಾತುಗಳು ಸೇರಿದವು. ನಿರ್ಬಂಧವು ‘ಸಮಂಜಸ’ವಾಗಿರಬೇಕೆಂಬ ಒಂದು ಪದವನ್ನು ಆಗ ಸೇರಿಸಿದ್ದು ನಮ್ಮ ಪುಣ್ಯ, ಮುಂದಿನ ಎಷ್ಟೋ ತೀರ್ಪುಗಳು ಆ ಒಂದು ಪದದ ಮೇಲೆ ನಿಂತಿವೆ. ಆ ತಿದ್ದುಪಡಿಯ ಕಾಲದಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರು ಯಾರಾಗಿದ್ದರು ಗೊತ್ತೆ? ನಮ್ಮ ಧಾರವಾಡದ ದಿವಾಕರರೇ, ‘ಕರ್ಮವೀರ’ದ ದಿವಾಕರರೇ. ಅವರ ತ್ಯಾಗವನ್ನು ಸಣ್ಣದು ಮಾಡಲು ನಾನು ಈ ಮಾತನ್ನು ಹೇಳುತ್ತಿಲ್ಲ. ಅಂಥ ದೊಡ್ಡವರು ಕುಳಿತ ಸರ್ಕಾರವೇ ಹೀಗೆ ಮಾಡಿದ ಮೇಲೆ ಸಾಮಾನ್ಯರು ಕುಳಿತ ಸರ್ಕಾರವನ್ನು ಕಣ್ಣುಮುಚ್ಚಿ ನಂಬಬಾರದು ಎಂದಷ್ಟೇ ಹೇಳುತ್ತೇನೆ. ಸಂಪಾದಕನ ಮೇಜಿನಿಂದ ಕಾಣುವ ಪತ್ರಿಕೆಯೇ ಬೇರೆ, ಮಂತ್ರಿಯ ಮೇಜಿನಿಂದ ಕಾಣುವ ಪತ್ರಿಕೆಯೇ ಬೇರೆ.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಮೊಕದ್ದಮೆ ‘ಸಕಾಳ’ ಪತ್ರಿಕೆಯದು. ಪುಣೆಯ ಈ ಮರಾಠಿ ದೈನಿಕಕ್ಕೆ ಕರ್ನಾಟಕದಲ್ಲಿಯೂ ಓದುಗರಿದ್ದರು. 1960ರಲ್ಲಿ ಕೇಂದ್ರ ಸರ್ಕಾರ ಒಂದು ಆಜ್ಞೆ ಹೊರಡಿಸಿತು: ಇಷ್ಟು ಪುಟ ಕೊಟ್ಟರೆ ಇಷ್ಟು ಬೆಲೆ ಇಡಬೇಕು, ಪುಟ ಹೆಚ್ಚಾದರೆ ಬೆಲೆಯೂ ಹೆಚ್ಚಾಗಬೇಕು. ದೊಡ್ಡ ಪತ್ರಿಕೆಗಳಿಂದ ಸಣ್ಣ ಪತ್ರಿಕೆಗಳನ್ನು ಕಾಪಾಡುವುದು ಅದರ ಉದ್ದೇಶವೆಂದು ಹೇಳಲಾಯಿತು. ಕೇಳಲು ಎಷ್ಟು ಸಾಧುವಾದ ಮಾತು! ‘ಸಕಾಳ’ ಆಗ ಏಳು ಪೈಸೆಗೆ ಮಾರಾಟವಾಗುತ್ತಿತ್ತು. ವಾರಕ್ಕೆ 34 ಪುಟ ಕೊಡುತ್ತಿತ್ತು. ಆಜ್ಞೆಯ ಪ್ರಕಾರ ಅಷ್ಟು ಪುಟ ಕೊಡಬೇಕಾದರೆ ಬೆಲೆಯನ್ನು ಎಂಟು ಪೈಸೆಗೆ ಏರಿಸಬೇಕು, ಇಲ್ಲವೆ ಪುಟಗಳನ್ನು ಕಡಿಮೆ ಮಾಡಬೇಕು.

ಒಂದು ಪೈಸೆಗಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕೆ ಎಂದು ಕೇಳಬಹುದು. ಹೋದರು. ವಿಶೇಷವೇನೆಂದರೆ ಪತ್ರಿಕೆಯವರು ಮಾತ್ರವಲ್ಲ, ಅದರ ಓದುಗರೂ ಪ್ರತ್ಯೇಕ ಅರ್ಜಿ ಸಲ್ಲಿಸಿದ್ದರು. ನಮಗೆ ಬರುವ ಸುದ್ದಿಯನ್ನು ಕತ್ತರಿಸಲು ಸರ್ಕಾರಕ್ಕೆ ಅಧಿಕಾರವಿಲ್ಲವೆಂಬುದು ಅವರ ತಕರಾರು. 1961ರ ಸೆಪ್ಟೆಂಬರ್ 25ರಂದು ನ್ಯಾಯಾಲಯ ಆ ಕಾನೂನನ್ನೂ ಆಜ್ಞೆಯನ್ನೂ ಅಸಿಂಧುವೆಂದು ಸಾರಿತು. ಪತ್ರಿಕೆಯ ಪ್ರಸಾರವನ್ನು ಕುಗ್ಗಿಸುವುದೆಂದರೆ ಅದರ ಮಾತನ್ನೇ ಕುಗ್ಗಿಸಿದಂತೆ. ವ್ಯಾಪಾರದ ನಿಯಂತ್ರಣವೆಂಬ ಹೆಸರಿನಲ್ಲಿ ವಾಕ್ಕಿನ ನಿಯಂತ್ರಣ ಸಲ್ಲದು ಎಂಬುದು ಆ ತೀರ್ಪಿನ ತಾತ್ಪರ್ಯ. ಹನ್ನೊಂದು ವರ್ಷಗಳ ನಂತರ ಸರ್ಕಾರ ಸುದ್ದಿಕಾಗದದ ಹಂಚಿಕೆಯ ನೆಪದಲ್ಲಿ ಪತ್ರಿಕೆಗಳಿಗೆ ಹತ್ತು ಪುಟದ ಮಿತಿ ಹಾಕಿದಾಗ, 1972ರಲ್ಲಿ, ಅದನ್ನೂ ಹೊಡೆದುಹಾಕಲು ಇದೇ ವಿಚಾರ ನೆರವಾಯಿತು.

ನೀವೆಲ್ಲ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಮಕ್ಕಳು. ಒಂದು ಪೈಸೆಯ ಅರ್ಥ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಕೆಲಸ ಮಾಡಿದ ಹಳ್ಳಿಗಳಲ್ಲಿ ‘ಸಂಯುಕ್ತ ಕರ್ನಾಟಕ’ ಬರುತ್ತಿದ್ದದ್ದು ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲಿ. ಇಡೀ ಊರಿಗೆ ಎರಡೇ ಪ್ರತಿ: ಒಂದು ಪಂಚಾಯತಿಗೆ, ಇನ್ನೊಂದು ಕ್ಷೌರದಂಗಡಿಗೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಓದುತ್ತಿದ್ದ, ಹತ್ತು ಜನ ಕೇಳುತ್ತಿದ್ದರು. ಆ ಹತ್ತು ಜನರಲ್ಲಿ ಓದು ಬಾರದವರೇ ಹೆಚ್ಚು. ಅಲ್ಲಿ ಒಂದು ಪ್ರತಿ ನಿಂತರೆ ಒಬ್ಬ ಚಂದಾದಾರನಿಗೆ ನಷ್ಟವಾಗುತ್ತಿರಲಿಲ್ಲ, ಒಂದು ಓಣಿ ಕುರುಡಾಗುತ್ತಿತ್ತು.

ತುರ್ತು ಪರಿಸ್ಥಿತಿಯ ದಿನಗಳು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 1975ರ ಜೂನ್ 26ರಿಂದ ಪತ್ರಿಕೆಗಳಿಗೆ ಪೂರ್ವಪರಿಶೀಲನೆಯ ಕತ್ತರಿ ಬಿತ್ತು. ನಮ್ಮ ಶಾಲೆಯಲ್ಲಿ ಪ್ರತಿದಿನ ಬೆಳಿಗ್ಗೆ ಕಪ್ಪು ಹಲಗೆಯ ಮೇಲೆ ಸುದ್ದಿಯ ತಲೆಬರಹ ಬರೆಯುವ ಕೆಲಸ ನನ್ನದಾಗಿತ್ತು. ಇಪ್ಪತ್ತಂಶದ ಕಾರ್ಯಕ್ರಮ, ಮಂತ್ರಿಗಳ ಭಾಷಣ ಇವನ್ನಷ್ಟೇ ಬರೆಯತಕ್ಕದ್ದೆಂದು ಮೇಲಿನಿಂದ ಬಾಯಿಮಾತಿನ ಸೂಚನೆ ಬಂತು. ಅಂದಿನಿಂದ ನಾನು ತಿಥಿ, ವಾರ, ಮಳೆಯ ನಕ್ಷತ್ರ ಬರೆಯತೊಡಗಿದೆ. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು, “ಯಾಕ್ರಿ ಸರ್, ದೇಶದಾಗ ಸುದ್ದಿನೇ ಆಗವಲ್ವೇನ್ರಿ?” ಎಂದು ಕೇಳಿದ್ದಳು. ಆ ಕಾಲದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಆಗಲೂ ಹೋರಾಡಿದವರಿದ್ದರು. ಮೀನೂ ಮಸಾನಿಯವರ ‘ಫ್ರೀಡಂ ಫಸ್ಟ್’ ಎಂಬ ಸಣ್ಣ ಮಾಸಪತ್ರಿಕೆಯ ಹನ್ನೊಂದು ಬರಹಗಳನ್ನು ಪರಿಶೀಲನಾಧಿಕಾರಿ ತಡೆಹಿಡಿದಾಗ ಅವರು ಮುಂಬಯಿ ಹೈಕೋರ್ಟಿಗೆ ಹೋದರು. 1976ರ ಫೆಬ್ರುವರಿ 10ರಂದು ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ತುರ್ತು ಪರಿಸ್ಥಿತಿಯಲ್ಲಿಯೂ ಸರ್ಕಾರವನ್ನು ಟೀಕಿಸುವುದು ಅಪರಾಧವಲ್ಲ, ಜನಾಭಿಪ್ರಾಯವನ್ನು ಒಂದೇ ದಾರಿಗೆ ಹೊಡೆದುಕೊಂಡು ಹೋಗುವುದು ಪರಿಶೀಲನಾಧಿಕಾರಿಯ ಕೆಲಸವಲ್ಲ ಎಂದು ನ್ಯಾಯಮೂರ್ತಿಗಳು ನಿರ್ಣಯಿಸಿದರು. ಇಂಥ ಧೈರ್ಯಕ್ಕೆ ಬೆಲೆಯೂ ಇತ್ತು. ಬೆಂಗಳೂರಿನಲ್ಲಿ ಬಂಧಿತರಾಗಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರ ಅರ್ಜಿಗಳನ್ನು ಕೇಳಿದ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿಯವರನ್ನು ದೂರದ ಹೈಕೋರ್ಟುಗಳಿಗೆ ವರ್ಗಾಯಿಸಲಾಯಿತು. ಮಸಾನಿಯವರಂತೆ ನ್ಯಾಯಾಲಯಕ್ಕೆ ಹೋದ ಪತ್ರಿಕೆಗಳು ಬೆರಳೆಣಿಕೆಯಷ್ಟು. ಬಹುಪಾಲು ಪತ್ರಿಕೆಗಳು ತಲೆಬಾಗಿದವು. ಒಬ್ಬ ಗೆದ್ದರೂ ನೂರು ಜನ ಅಂಜಿದರೆ ಸರ್ಕಾರದ ಉದ್ದೇಶ ಈಡೇರಿದಂತೆಯೇ.

ಪತ್ರಿಕೆ ಮಾತಾಡಿದರೆ ನಮ್ಮಂಥವರಿಗೆ ಏನು ಲಾಭವೆಂಬುದಕ್ಕೆ ನವಲಗುಂದವನ್ನು ನೋಡಿರಿ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿದವು. ರೈತರೂ ಸತ್ತರು, ಪೊಲೀಸರೂ ಸತ್ತರು. ಕಾಲುವೆಗೆ ನೀರು ಬಾರದಿದ್ದರೂ ಅಭಿವೃದ್ಧಿ ಕರ ಬಂದಿತ್ತೆಂಬ ರೈತರ ಸಂಕಟ ರಾಜ್ಯಕ್ಕೆ ತಿಳಿದದ್ದು ವರದಿಗಾರರಿಂದ. ಅದರಿಂದಲೇ ಕಿಡಿ ಮಿಕ್ಕ ಜಿಲ್ಲೆಗಳಿಗೆ ಹಬ್ಬಿ ರೈತ ಚಳವಳಿಯಾಯಿತು. 2016ರ ಜುಲೈ 27ರಂದು ಮಹಾದಾಯಿ ನ್ಯಾಯಮಂಡಳಿ 7 ಟಿಎಂಸಿ ನೀರಿನ ಮಧ್ಯಂತರ ಅರ್ಜಿಯನ್ನು ತಿರಸ್ಕರಿಸಿದಾಗ ಮತ್ತೆ ಇದೇ ನೆಲ ಹೊತ್ತಿತು. ಯಮನೂರಿನಲ್ಲಿ ಪೊಲೀಸರು ವೃದ್ಧರು, ಹೆಂಗಸರೆನ್ನದೆ ಲಾಠಿ ಬೀಸಿದ ದೃಶ್ಯಗಳನ್ನು ಇಡೀ ನಾಡು ದೂರದರ್ಶನದ ಪರದೆಯ ಮೇಲೆ ಕಂಡಿತು. ಆಮೇಲೆಯೇ ಕೆಲವು ಪೊಲೀಸರ ಅಮಾನತಾದದ್ದು. ಅಂದು ಕ್ಯಾಮೆರಾಗಳು ಅಲ್ಲಿ ಇಲ್ಲದಿದ್ದರೆ? ಹೊಡೆಸಿಕೊಂಡವರ ಮಾತನ್ನು ಹುಬ್ಬಳ್ಳಿಯಲ್ಲಿಯೂ ಯಾರೂ ನಂಬುತ್ತಿರಲಿಲ್ಲ. ಅಂದು ಆ ಮುದುಕಿಯರ ಏಕೈಕ ಸಾಕ್ಷಿ ಯಾವನೋ ಒಬ್ಬ ವರದಿಗಾರನ ಕ್ಯಾಮೆರಾ.

ಈಗ ಇತ್ತೀಚಿನ ವರ್ಷಗಳಿಗೆ ಬರೋಣ. ಇಲ್ಲಿ ನನ್ನ ಬಂಧುಗಳಲ್ಲಿ ಕೆಲವರು, “ನಿಮಗೆ ಆ ಪಕ್ಷದ ಮೇಲೆ ಸಿಟ್ಟು” ಎನ್ನುತ್ತಾರೆ. ಇನ್ನು ಕೆಲವರು ಇನ್ನೊಂದು ಪಕ್ಷದ ಹೆಸರು ಹೇಳುತ್ತಾರೆ. ದಯವಿಟ್ಟು ಪಟ್ಟಿಯನ್ನು ನೋಡಿರಿ. 2017ರ ಜೂನ್‌ನಲ್ಲಿ, ಕಾಂಗ್ರೆಸ್ ಸರ್ಕಾರವಿದ್ದಾಗ, ಕರ್ನಾಟಕ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ‘ಹಾಯ್ ಬೆಂಗಳೂರ್’ನ ರವಿ ಬೆಳಗೆರೆ ಮತ್ತು ‘ಯಲಹಂಕ ವಾಯ್ಸ್’ನ ಅನಿಲ್ ರಾಜ್ ಅವರಿಗೆ ಒಂದು ವರ್ಷದ ಸೆರೆವಾಸ, ಹತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ದೂರಿತ್ತವರಲ್ಲಿ ಆಡಳಿತ ಪಕ್ಷದವರೂ ಇದ್ದರು, ವಿರೋಧ ಪಕ್ಷದವರೂ ಇದ್ದರು. ಆ ಪತ್ರಿಕೆಗಳ ಭಾಷೆ ನನಗೆ ಎಂದೂ ರುಚಿಸಿದ್ದಲ್ಲ. ಆದರೆ ದೂರುದಾರನೇ ನ್ಯಾಯಾಧೀಶನಾಗಿ, ವಕೀಲನ ವಾದವಿಲ್ಲದೆ, ಬರೆದಿಡದ ಕಾನೂನಿನಡಿ ಪ್ರಜೆಯೊಬ್ಬನನ್ನು ಸೆರೆಮನೆಗೆ ಕಳುಹಿಸುವುದು ಯಾವ ನ್ಯಾಯ? ಇಬ್ಬರೂ ಹೈಕೋರ್ಟಿನ ಮೊರೆಹೋಗಬೇಕಾಯಿತು. ಇದಕ್ಕೆ ಮೊದಲು, 2003ರಲ್ಲಿ, ತಮಿಳುನಾಡಿನ ವಿಧಾನಸಭೆ ‘ಹಿಂದೂ’ ಪತ್ರಿಕೆಯವರಿಗೆ ಸೆರೆವಾಸ ವಿಧಿಸಿದಾಗ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತ್ತು. ಶಾಸಕರ ಹಕ್ಕುಗಳನ್ನು ಕಾನೂನಿನ ರೂಪದಲ್ಲಿ ಬರೆದಿಡಿರೆಂದು ಪತ್ರಕರ್ತರು ದಶಕಗಳಿಂದ ಕೇಳುತ್ತಲೇ ಬಂದಿದ್ದಾರೆ.

2019ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಬಿಜೆಪಿ ಅಭ್ಯರ್ಥಿ ತಮ್ಮ ಬಗ್ಗೆ ಮಾನಹಾನಿಕರ ಸುದ್ದಿ ಬಾರದಂತೆ 49 ಮಾಧ್ಯಮಗಳ ಮೇಲೆ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು; ಮತದಾನಕ್ಕೆ ಕೆಲವು ದಿನ ಮೊದಲು ಹೈಕೋರ್ಟು ಅದನ್ನು ತೆಗೆದುಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ವಿಧಾನಸಭೆಯೊಳಕ್ಕೆ ಖಾಸಗಿ ವಾಹಿನಿಗಳ ಕ್ಯಾಮೆರಾ ಬರಕೂಡದೆಂಬ ಆದೇಶವಾಯಿತು. 2021ರ ಮಾರ್ಚಿನಲ್ಲಿ ಆರು ಮಂದಿ ಸಚಿವರು ಒಟ್ಟಾಗಿ 68 ಮಾಧ್ಯಮಗಳ ಮೇಲೆ ತಡೆಯಾಜ್ಞೆ ಪಡೆದರು. 2025ರ ಜುಲೈನಲ್ಲಿ ಧರ್ಮಸ್ಥಳದ ಪ್ರಕರಣದ ಬಗ್ಗೆ ಬೆಂಗಳೂರಿನ ನ್ಯಾಯಾಲಯವೊಂದು, ಎದುರು ಪಕ್ಷದವರನ್ನು ಕೇಳದೆಯೇ, 338 ಜನರ ಮೇಲೆ ನಿರ್ಬಂಧ ಹಾಕಿ 8,800ಕ್ಕೂ ಹೆಚ್ಚು ಅಂತರಜಾಲ ಕೊಂಡಿಗಳನ್ನು ತೆಗೆಯಲು ಹೇಳಿತು. ಒಂದು ಯೂಟ್ಯೂಬ್ ವಾಹಿನಿಯ ಅರ್ಜಿಯ ಮೇಲೆ ಆಗಸ್ಟ್ 1ರಂದು ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಆ ಪ್ರಕರಣದ ಸತ್ಯಾಸತ್ಯತೆ ನನ್ನ ವಿಷಯವಲ್ಲ. ಸತ್ಯಾಸತ್ಯತೆ ತಿಳಿಯುವ ಮೊದಲೇ ಬಾಯಿ ಹೊಲಿಯುವುದು ನನ್ನ ವಿಷಯ.

ಇದೇ 2025ರ ಜೂನ್‌ನಲ್ಲಿ ಸುಳ್ಳು ಸುದ್ದಿಯನ್ನು ತಡೆಯಲೆಂದು ನಮ್ಮ ರಾಜ್ಯ ಸರ್ಕಾರದ ಮಸೂದೆಯ ಕರಡೊಂದು ಬೆಳಕಿಗೆ ಬಂತು: ಏಳು ವರ್ಷಗಳವರೆಗೆ ಸೆರೆ, ಹತ್ತು ಲಕ್ಷದವರೆಗೆ ದಂಡ, ಮಂತ್ರಿಯ ಅಧ್ಯಕ್ಷತೆಯ ಪ್ರಾಧಿಕಾರ. ಕೇಂದ್ರ ಸರ್ಕಾರವೂ ತನ್ನ ಬಗೆಗಿನ ಸುದ್ದಿ ಸತ್ಯವೋ ಮಿಥ್ಯವೋ ಎಂದು ತಾನೇ ನಿರ್ಣಯಿಸುವ ಘಟಕವೊಂದನ್ನು ನಿಯಮಗಳಲ್ಲಿ ತಂದಿತ್ತು. ಕುನಾಲ್ ಕಾಮ್ರಾ, ಸಂಪಾದಕರ ಸಂಘ ಮೊದಲಾದವರ ಅರ್ಜಿಯ ಮೇಲೆ ಮುಂಬಯಿ ಹೈಕೋರ್ಟು 2024ರ ಸೆಪ್ಟೆಂಬರ್ 20ರಂದು ಅದನ್ನು ಹೊಡೆದುಹಾಕಿತು. ಮುಂಬಯಿಯಲ್ಲಿ ಒಂದು ಪಕ್ಷ ಸೋತ ಪಾಠವನ್ನು ಬೆಂಗಳೂರಿನಲ್ಲಿ ಇನ್ನೊಂದು ಪಕ್ಷ ಮತ್ತೆ ಬರೆಯಲು ಕುಳಿತಿತು. ಪರೀಕ್ಷೆ ಬರೆದ ಹುಡುಗನೇ ತನ್ನ ಉತ್ತರಪತ್ರಿಕೆಯ ಮೌಲ್ಯಮಾಪನ ಮಾಡಿಕೊಳ್ಳುವ ಶಾಲೆ ಎಲ್ಲಾದರೂ ಇದೆಯೆ?

ಗೆಲುವಿನ ಬೆನ್ನಿಗೇ ಹೊಸ ಕಾನೂನು ಬರುವ ಪದ್ಧತಿಯೂ ನಿಂತಿಲ್ಲ. ಮೈಸೂರಿನ ನಿವೃತ್ತ ಮೇಜರ್ ಜನರಲ್ ಒಂಬತ್ಕೆರೆ ಮತ್ತು ಹಲವು ಪತ್ರಕರ್ತರು ಹೋರಾಡಿ 2022ರ ಮೇ 11ರಂದು ರಾಜದ್ರೋಹದ ಕಲಮಿಗೆ ತಡೆ ತಂದರು. ತಿಲಕರನ್ನೂ ಗಾಂಧೀಜಿಯವರನ್ನೂ ಕಾಡಿದ ಕಲಮು ಕೊನೆಗೆ ನಿದ್ರಿಸಿತೆಂದು ನಾವು ಸಂತೋಷಪಟ್ಟೆವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 152ನೆಯ ಕಲಮನ್ನು ಓದಿದರೆ ಅದು ಹೆಸರು ಬದಲಿಸಿಕೊಂಡು ಎದ್ದು ಕುಳಿತಂತೆ ಕಾಣುತ್ತದೆ. 2015ರಲ್ಲಿ ರದ್ದಾದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮಿನಡಿ ಅನೇಕ ಠಾಣೆಗಳು ಆಮೇಲೂ ಮೊಕದ್ದಮೆ ದಾಖಲಿಸುತ್ತಲೇ ಇದ್ದವು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಎಚ್ಚರಿಸಬೇಕಾಯಿತು. ಸತ್ತ ಕಾನೂನು ಠಾಣೆಯಲ್ಲಿ ಬದುಕಿರುತ್ತದೆ. ದಿಲ್ಲಿಯ ತೀರ್ಪು ಕಲಘಟಗಿಯನ್ನು ತಲುಪಲು ಎಷ್ಟು ವರ್ಷ ಬೇಕು? ನಮಗೆ ಧಾರವಾಡದಲ್ಲಿ ಹೈಕೋರ್ಟಿನ ಪೀಠ ಬಂದದ್ದೇ 2008ರಲ್ಲಿ. ಅದಕ್ಕೂ ಮೊದಲು ಬೆಂಗಳೂರಿನ ರೈಲು ಹತ್ತಬೇಕಿತ್ತು. ಈಗ ಪೀಠ ಹತ್ತಿರವಿದೆ, ನಿಜ. ವಕೀಲರ ಶುಲ್ಕ ಹತ್ತಿರ ಬಂದಿಲ್ಲ.

“ಪತ್ರಿಕೆಗಳು ಮಾರಿಕೊಂಡಿವೆ, ವಾಹಿನಿಗಳು ಸುಳ್ಳು ಹೇಳುತ್ತವೆ, ಅಂಥವರಿಗೆ ಯಾಕೆ ಸ್ವಾತಂತ್ರ್ಯ?” ಎಂಬ ಆಕ್ಷೇಪ ನಿಮ್ಮ ನಾಲಿಗೆಯ ತುದಿಯಲ್ಲಿರಬಹುದು. ಮಾರಿಕೊಂಡವರಿದ್ದಾರೆ, ಒಪ್ಪುತ್ತೇನೆ. ಆದರೆ ಮಾರಿಕೊಂಡವರ ಮೇಲೆ ಸರ್ಕಾರ ಕೇಸು ಹಾಕುವುದು ಅಪರೂಪ. ಬೀಳುವವು ಮಾರಿಕೊಳ್ಳದವರ ಮೇಲೆ. ಸುಳ್ಳು ಬರೆದವರನ್ನು ಶಿಕ್ಷಿಸಲು ಈಗಾಗಲೇ ಕಾನೂನು ಇದೆ, ಅದೂ ಕಠಿಣವಾದದ್ದೇ. 2008ರಲ್ಲಿ ಪ್ರಕಟವಾದ ಒಂದು ವರದಿಗಾಗಿ ಗೌರಿ ಲಂಕೇಶರಿಗೆ 2016ರಲ್ಲಿ ನಮ್ಮ ಹುಬ್ಬಳ್ಳಿಯ ನ್ಯಾಯಾಲಯವೇ ಮಾನಹಾನಿಯ ಅಪರಾಧದಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿತ್ತು. ಅಪರಾಧಕ್ಕೆ ದಂಡವೇ ಸಾಲದೆ, ಸೆರೆವಾಸವೂ ಬೇಕೆ ಎಂಬುದು ಬೇರೆ ಚರ್ಚೆ. ಆದರೆ ಬರೆದ ಮೇಲೆ ವಿಚಾರಣೆ ನಡೆಸುವುದಕ್ಕೂ ಬರೆಯುವ ಮೊದಲೇ ಕೈ ಹಿಡಿಯುವುದಕ್ಕೂ ಅಜಗಜಾಂತರವಿದೆ. ಹೊಲದಲ್ಲಿ ಕಳೆ ಇದೆಯೆಂದು ಬಿತ್ತನೆಯನ್ನೇ ನಿಷೇಧಿಸುವ ಒಕ್ಕಲಿಗನನ್ನು ನಾನು ಕಂಡಿಲ್ಲ.

ಎಲ್ಲ ಮೊಕದ್ದಮೆಗಳಲ್ಲಿಯೂ ಜಯ ಸಿಗುವುದಿಲ್ಲವೆಂಬುದನ್ನೂ ಮರೆಯಬಾರದು. ಅಂತರಜಾಲದ ಬರಹಗಳನ್ನು ತೆಗೆಸುವ ಕೇಂದ್ರದ ‘ಸಹಯೋಗ’ ವ್ಯವಸ್ಥೆಯನ್ನು ಪ್ರಶ್ನಿಸಿದ ಎಕ್ಸ್ ಸಂಸ್ಥೆಯ ಅರ್ಜಿಯನ್ನು ನಮ್ಮ ಹೈಕೋರ್ಟು 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಕೇರಳದ ‘ಮೀಡಿಯಾ ಒನ್’ ವಾಹಿನಿ ಹೈಕೋರ್ಟಿನಲ್ಲಿ ಎರಡು ಸಲ ಸೋತು, ಮುಚ್ಚಿದ ಲಕೋಟೆಯಲ್ಲಿ ಕೊಟ್ಟ ಕಾರಣ ನ್ಯಾಯವಲ್ಲವೆಂಬ ಅಂತಿಮ ತೀರ್ಪನ್ನು ದಿಲ್ಲಿಯಿಂದ ಪಡೆದದ್ದು 2023ರ ಏಪ್ರಿಲಿನಲ್ಲಿ. ಅದಕ್ಕೆ ದೊಡ್ಡ ಸಂಸ್ಥೆಯ ಬಲವಿತ್ತು. ಕೆರೆಯ ಸುದ್ದಿ ಬರೆದ ನನ್ನ ವಿದ್ಯಾರ್ಥಿಗೆ ಯಾವ ಬಲವಿತ್ತು?

ಆ ಬಲ ನೀವೇ ಆಗಬೇಕು. ‘ಸಕಾಳ’ದ ಓದುಗರು ಅರ್ಜಿ ಹಾಕಿದ್ದನ್ನು ನಾನು ವಿಸ್ತಾರವಾಗಿ ಹೇಳಿದ್ದು ಇದಕ್ಕಾಗಿಯೇ. ನಿಮ್ಮಿಂದ ನಾನು ಕೇಳುವುದು ಮೂರೇ ಕೆಲಸ, ಮೂರೂ ಸಣ್ಣವು. ನೀವು ಕಲಿತ ಹಳ್ಳಿಯ ಶಾಲೆಗೆ ಅಥವಾ ಗ್ರಂಥಾಲಯಕ್ಕೆ ಒಂದು ಪತ್ರಿಕೆಯ ಚಂದಾ ಕಟ್ಟಿರಿ; ಯಾವ ಪತ್ರಿಕೆಯೆಂಬುದು ನಿಮ್ಮ ಇಷ್ಟ, ಸಾಧ್ಯವಾದರೆ ಪರಸ್ಪರ ಒಪ್ಪದ ಎರಡು ಪತ್ರಿಕೆ. ನಿಮ್ಮ ತಾಲೂಕಿನ ವರದಿಗಾರನ ಮೇಲೆ ಮೊಕದ್ದಮೆ ಬಿದ್ದರೆ, ಅವನು ಯಾವ ಪಕ್ಷದವನು, ಯಾವ ಜಾತಿಯವನು ಎಂದು ವಿಚಾರಿಸುವ ಮೊದಲು ಅವನು ಬರೆದದ್ದು ನಿಜವೆ ಎಂದು ವಿಚಾರಿಸಿರಿ. ನಿಜವಾದರೆ ತಾರೀಖಿನ ದಿನ ನಾಲ್ಕು ಜನ ಹೋಗಿ ಅವನ ಹಿಂದೆ ಕುಳಿತುಕೊಳ್ಳಿರಿ. ನಿಮ್ಮಲ್ಲಿ ವಕೀಲರಾದವರು ಏಳೆಂಟು ಮಂದಿ ಇದ್ದೀರಿ. ವರ್ಷಕ್ಕೆ ಅಂಥ ಒಂದು ಮೊಕದ್ದಮೆಯನ್ನು ಶುಲ್ಕವಿಲ್ಲದೆ ನಡೆಸಿರಿ. ಮೂರನೆಯದು, ಸರ್ಕಾರ ಹೊಸ ಕಾನೂನಿನ ಕರಡು ಪ್ರಕಟಿಸಿದಾಗ, ಅದು ನಿಮ್ಮ ಮೆಚ್ಚಿನ ಸರ್ಕಾರವಾಗಿದ್ದರೂ, ನಿಮ್ಮ ಆಕ್ಷೇಪವನ್ನು ಬರೆದು ಕಳುಹಿಸಿರಿ. ಬರೆಯಲು ನಾನೇ ಕಲಿಸಿದ್ದೇನೆ. ಬರುವುದಿಲ್ಲವೆಂಬ ನೆಪ ನನ್ನೆದುರು ನಡೆಯದು.

ಪತ್ರಕರ್ತರು ನ್ಯಾಯಾಲಯದಲ್ಲಿ ಗೆದ್ದ ಸುದ್ದಿ ಓದಿದಾಗ ಸಂತೋಷಪಡಿರಿ. ಅದರ ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳಿಕೊಳ್ಳಿರಿ: ಇವರು ಗೆಲ್ಲಲು ಎಷ್ಟು ವರ್ಷ ಬೇಕಾಯಿತು, ಆ ವರ್ಷಗಳಲ್ಲಿ ನಮ್ಮೂರಿನ ಯಾವ ಕೆರೆಯ ಸುದ್ದಿ ನಮಗೆ ತಲುಪಲಿಲ್ಲ?